ವಿಷಮ ಕಾಲದ ಸರ್ಕಾರ: ೧೯೯೧–೯೬ರ ಕೇಂದ್ರಾಡಳಿತದ ವಿಮರ್ಶೆ

೧

ಸರ್ಕಾರವೊಂದರ ಗುಣದೋಷಗಳನ್ನು ನಿರ್ಣಯಿಸುವುದು ಸುಲಭದ ಕೆಲಸವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ದೇಶ ಸುಭಿಕ್ಷವಾಗಿದ್ದರೆ ಸರ್ಕಾರ ಒಳ್ಳೆಯದು, ಜನ ಕಷ್ಟಕ್ಕೆ ಸಿಕ್ಕಿದ್ದರೆ ಕೆಟ್ಟದ್ದು ಎಂಬುದು ಲೋಕರೂಢಿಯ ಮಾತು. ಆದರೆ ಶಾಸ್ತ್ರೀಯ ವಿವೇಚನೆಗೆ ಈ ಅಳತೆಗೋಲು ಸಾಲದು. ಮಳೆ ಹದವಾಗಿ ಬಂದ ವರ್ಷದ ಬೆಳೆಯನ್ನು ನೋಡಿ ಒಕ್ಕಲಿಗನ ಜಾಣ್ಮೆಯನ್ನು ನಿರ್ಣಯಿಸಲಾಗದು. ಬರಗಾಲದಲ್ಲಿ ಬೀಜಕ್ಕಾಗುವಷ್ಟನ್ನಾದರೂ ಉಳಿಸಿಕೊಂಡವನನ್ನು ದಡ್ಡನೆಂದು ಕರೆಯಲೂ ಆಗದು. ಸರ್ಕಾರಗಳ ವಿಷಯದಲ್ಲಿಯೂ ಹೀಗೆಯೇ. ಫಲವನ್ನಷ್ಟೇ ಅಳೆದರೆ ಅದೃಷ್ಟವನ್ನು ಅಳೆದಂತಾಗುತ್ತದೆ. ಉದ್ದೇಶವನ್ನಷ್ಟೇ ಅಳೆದರೆ ಭಾಷಣಗಳನ್ನು ಅಳೆದಂತಾಗುತ್ತದೆ.

ಆರ್ಥಿಕ ಮುಗ್ಗಟ್ಟೂ ರಾಜಕೀಯ ಕ್ಷೋಭೆಯೂ ಒಟ್ಟಿಗೆ ಬಂದ ಕಾಲದ ಸರ್ಕಾರವನ್ನು ಅಳೆಯಲು ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ನಮಗೆ ತೋರುತ್ತದೆ. ಆ ಸರ್ಕಾರಕ್ಕೆ ದತ್ತವಾಗಿ ಬಂದುದೇನು? ಅದು ಮಾಡಿದ ಕಾರ್ಯಗಳಲ್ಲಿ ಅನಿವಾರ್ಯವಾಗಿ ಮಾಡಿದುದೆಷ್ಟು, ಸ್ವಂತ ವಿವೇಚನೆಯಿಂದ ಮಾಡಿದುದೆಷ್ಟು? ಅದರ ನಿರ್ಧಾರಗಳ ಭಾರವನ್ನು ಹೊತ್ತವರು ಯಾರು? ಅಧಿಕಾರದಿಂದ ಇಳಿಯುವಾಗ ಅದು ದೇಶದ ಸಂಸ್ಥೆಗಳನ್ನು ಯಾವ ಸ್ಥಿತಿಯಲ್ಲಿ ಬಿಟ್ಟುಹೋಯಿತು? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಪಿ. ವಿ. ನರಸಿಂಹರಾಯರ ನೇತೃತ್ವದಲ್ಲಿ ೧೯೯೧ರ ಜೂನ್ ೨೧ರಿಂದ ೧೯೯೬ರ ಮೇ ತಿಂಗಳವರೆಗೆ ನಡೆದ ಕೇಂದ್ರ ಸರ್ಕಾರಕ್ಕೆ ಅನ್ವಯಿಸಿ ನೋಡುತ್ತೇವೆ.

ಈ ಸರ್ಕಾರವನ್ನೇ ಆರಿಸಿಕೊಳ್ಳಲು ಕಾರಣವಿದೆ. ಇದನ್ನು ಕುರಿತು ಬರೆದವರು ಬಹುಮಟ್ಟಿಗೆ ಎರಡು ಪಂಗಡಗಳಾಗಿ ನಿಂತಿದ್ದಾರೆ. ಅರ್ಥಶಾಸ್ತ್ರಜ್ಞರಲ್ಲಿ ಹಲವರಿಗೆ ಇದು ದೇಶವನ್ನು ದಿವಾಳಿಯಿಂದ ಪಾರುಮಾಡಿದ ಸರ್ಕಾರ. ರಾಜ್ಯಶಾಸ್ತ್ರ ಮತ್ತು ಇತಿಹಾಸದ ವಿದ್ವಾಂಸರಲ್ಲಿ ಹಲವರಿಗೆ ಇದು ಅಯೋಧ್ಯೆಯಲ್ಲಿ ಕೈಕಟ್ಟಿ ಕುಳಿತ ಸರ್ಕಾರ. ಒಂದೇ ಸಚಿವ ಸಂಪುಟ ಎರಡು ಬೇರೆ ಬೇರೆ ಸರ್ಕಾರಗಳೋ ಎಂಬಂತೆ ಪಠ್ಯಪುಸ್ತಕಗಳ ಬೇರೆ ಬೇರೆ ಅಧ್ಯಾಯಗಳಲ್ಲಿ ಕಾಣಿಸಿಕೊಳ್ಳುತ್ತದೆ. ಈ ವಿಭಜನೆ ಸರಿಯಲ್ಲವೆಂಬುದೂ, ಎರಡು ಕ್ಷೇತ್ರಗಳಲ್ಲಿ ಕೆಲಸ ಮಾಡಿದುದು ಒಂದೇ ಸ್ವಭಾವವೆಂಬುದೂ ನಮ್ಮ ಪ್ರತಿಪಾದನೆ.

೨

ಮೊದಲು ದತ್ತವಾಗಿ ಬಂದುದನ್ನು ನೋಡೋಣ. ೧೯೮೦ರ ದಶಕದುದ್ದಕ್ಕೂ ಕೇಂದ್ರ ಸರ್ಕಾರ ತನ್ನ ವರಮಾನವನ್ನು ಮೀರಿ ವೆಚ್ಚ ಮಾಡುತ್ತ ಬಂದಿತ್ತು. ೧೯೯೦–೯೧ರಲ್ಲಿ ವಿತ್ತೀಯ ಕೊರತೆ ರಾಷ್ಟ್ರೀಯ ಉತ್ಪನ್ನದ ಸುಮಾರು ಶೇ ೮ನ್ನು ಮುಟ್ಟಿತು. ೧೯೯೧ರ ಮಾರ್ಚ್ ಅಂತ್ಯದಲ್ಲಿ ವಿದೇಶಿ ಸಾಲ ೮೩ ಶತಕೋಟಿ ಡಾಲರುಗಳಿಗೂ ಮಿಗಿಲಾಗಿತ್ತು. ೧೯೯೦ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ ತೈಲದ ಬೆಲೆ ಏರಿತು. ಕೊಲ್ಲಿ ರಾಷ್ಟ್ರಗಳಲ್ಲಿದ್ದ ನಮ್ಮ ದುಡಿಮೆಗಾರರು ಕಳುಹಿಸುತ್ತಿದ್ದ ಹಣ ಕುಗ್ಗಿತು. ಅನಿವಾಸಿ ಭಾರತೀಯರು ತಮ್ಮ ಠೇವಣಿಗಳನ್ನು ಹಿಂದಕ್ಕೆ ಪಡೆಯತೊಡಗಿದರು. ೧೯೯೧ರ ಜೂನ್ ವೇಳೆಗೆ ಉಳಿದಿದ್ದ ವಿದೇಶಿ ವಿನಿಮಯ ಎರಡು ವಾರಗಳ ಆಮದಿಗೆ ಸಾಕಾಗುವಷ್ಟು ಮಾತ್ರ.

ರಾಜಕೀಯದ ಸ್ಥಿತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. ೧೯೯೦ರ ನವೆಂಬರಿನಲ್ಲಿ ವಿ. ಪಿ. ಸಿಂಗ್ ಅವರ ಸರ್ಕಾರ ಬಿದ್ದಿತ್ತು. ಅನಂತರ ಬಂದ ಚಂದ್ರಶೇಖರ್ ಅವರ ಸರ್ಕಾರ ಪೂರ್ಣ ಆಯವ್ಯಯವನ್ನು ಮಂಡಿಸಲಾರದೆ ೧೯೯೧ರ ಮಾರ್ಚಿನಲ್ಲಿ ರಾಜೀನಾಮೆ ನೀಡಿತು. ಮೇ ೨೧ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಚುನಾವಣೆಯಲ್ಲಿ ಕಾಂಗ್ರೆಸ್ ಅತಿ ದೊಡ್ಡ ಪಕ್ಷವಾಯಿತಾದರೂ ಬಹುಮತ ಪಡೆಯಲಿಲ್ಲ. ಪಂಜಾಬು, ಕಾಶ್ಮೀರ, ಅಸ್ಸಾಮುಗಳಲ್ಲಿ ಹಿಂಸೆ ನಡೆದಿತ್ತು. ಮಂಡಲ್ ವರದಿಯ ಗಲಭೆ, ರಥಯಾತ್ರೆಯ ಉದ್ರೇಕ ಇನ್ನೂ ಆರಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ೧೯೯೧ರ ಮೇ ತಿಂಗಳಿನಲ್ಲಿ ೨೦ ಟನ್ ಚಿನ್ನವನ್ನು ಮರುಖರೀದಿಯ ಕರಾರಿನ ಮೇಲೆ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಮಾರಿದುದು ಚಂದ್ರಶೇಖರ್ ಸರ್ಕಾರ. ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು ೪೭ ಟನ್ ಚಿನ್ನವನ್ನು ಒತ್ತೆಯಿಟ್ಟು ಇಂಗ್ಲೆಂಡ್ ಮತ್ತು ಜಪಾನುಗಳ ಕೇಂದ್ರ ಬ್ಯಾಂಕುಗಳಿಂದ ಸುಮಾರು ೪೦ ಕೋಟಿ ಡಾಲರ್ ಸಾಲ ತಂದುದು ನರಸಿಂಹರಾಯರ ಸರ್ಕಾರ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲನ್ನು ಎರಡು ಸರ್ಕಾರಗಳೂ ತಟ್ಟಿದವು. ಮನೆಯ ಒಡವೆ ಅಡವಿಗೆ ಹೋದರೆ ಮರ್ಯಾದೆ ಹೋಯಿತೆಂದು ಭಾವಿಸುವ ನಮ್ಮ ಜನಕ್ಕೆ ಇದು ದೊಡ್ಡ ಆಘಾತವಾಗಿತ್ತು. ಆದರೆ ಈ ಅಪಮಾನದ ಹೊಣೆಯನ್ನು ಇಬ್ಬರಲ್ಲಿ ಯಾರೊಬ್ಬರ ಮೇಲೂ ಪೂರ್ತಿಯಾಗಿ ಹೊರಿಸುವುದು ನ್ಯಾಯವಲ್ಲ. ಸಾಲ ಬೆಳೆದುದು ಹತ್ತು ವರ್ಷಗಳಲ್ಲಿ. ತೀರಿಸುವ ದಿನ ಬಂದಾಗ ಗದ್ದುಗೆಯ ಮೇಲಿದ್ದವರು ಬೇರೆ.

೩

ಎರಡನೆಯ ಪ್ರಶ್ನೆ ಅನಿವಾರ್ಯತೆ ಮತ್ತು ಸ್ವಂತ ವಿವೇಚನೆಗಳನ್ನು ಕುರಿತದ್ದು. ೧೯೯೧ರ ಜುಲೈ ೧ ಮತ್ತು ೩ರಂದು ಎರಡು ಹಂತಗಳಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಲಾಯಿತು. ಜುಲೈ ೨೪ರಂದು ಹೊಸ ಕೈಗಾರಿಕಾ ನೀತಿಯೂ, ಅರ್ಥಸಚಿವ ಮನಮೋಹನ ಸಿಂಗ್ ಅವರ ಮೊದಲ ಆಯವ್ಯಯವೂ ಒಂದೇ ದಿನ ಸಂಸತ್ತಿನ ಮುಂದೆ ಬಂದವು. ಹದಿನೆಂಟು ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆ ಲೈಸೆನ್ಸ್ ಬೇಕಿಲ್ಲವೆಂದಾಯಿತು. ಸರ್ಕಾರಿ ರಂಗಕ್ಕೇ ಮೀಸಲಾಗಿದ್ದ ಹದಿನೇಳು ಉದ್ಯಮಗಳ ಪಟ್ಟಿ ಎಂಟಕ್ಕೆ ಇಳಿಯಿತು. ಆಯ್ದ ಮೂವತ್ತನಾಲ್ಕು ಉದ್ಯಮಗಳಲ್ಲಿ ಶೇ ೫೧ರವರೆಗೆ ವಿದೇಶಿ ಬಂಡವಾಳಕ್ಕೆ ಸುಲಭ ಪ್ರವೇಶ ದೊರೆಯಿತು.

ಇದೆಲ್ಲವನ್ನೂ ಸಾಲಗಾರರ ಒತ್ತಾಯವೆಂದು ತಳ್ಳಿಹಾಕುವವರಿದ್ದಾರೆ. ಅದು ಅರ್ಧ ಸತ್ಯ. ಅಪಮೌಲ್ಯ ಮತ್ತು ಕೊರತೆಯ ಕಡಿತಗಳು ಆ ಹೊತ್ತಿಗೆ ಅನಿವಾರ್ಯವಾಗಿದ್ದವು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಹೆಚ್ಚು ಕಡಿಮೆ ಅವನ್ನೇ ಮಾಡಬೇಕಾಗಿತ್ತು. ಆದರೆ ಕೈಗಾರಿಕಾ ಲೈಸೆನ್ಸ್ ಪದ್ಧತಿಯನ್ನು ಕಿತ್ತುಹಾಕದೆಯೂ ವಿದೇಶಿ ವಿನಿಮಯದ ಮುಗ್ಗಟ್ಟನ್ನು ದಾಟಬಹುದಾಗಿತ್ತು. ೧೯೬೬ರ ಅಪಮೌಲ್ಯದ ಅನಂತರ ಆ ಪದ್ಧತಿ ಸಡಿಲವಾಗುವ ಬದಲು ಮತ್ತಷ್ಟು ಬಿಗಿಯಾದುದನ್ನು ಇಲ್ಲಿ ನೆನೆಯಬಹುದು. ಹಲವು ಸಮಿತಿಗಳ ವರದಿಗಳಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತಿದ್ದ ಸಲಹೆಗಳನ್ನು ಮುಗ್ಗಟ್ಟಿನ ಆಸರೆಯಲ್ಲಿ ಜಾರಿಗೆ ತಂದುದು ಈ ಸರ್ಕಾರದ ಸ್ವಂತ ನಿರ್ಧಾರ. ಬಹುಮತವಿಲ್ಲದ ಸರ್ಕಾರವೊಂದು ಅಧಿಕಾರಕ್ಕೆ ಬಂದ ಐದು ವಾರಗಳೊಳಗೆ ಇಷ್ಟನ್ನು ಮಾಡಿತೆಂಬುದನ್ನು ಅದರ ಕಡುವೈರಿಯೂ ಒಪ್ಪಬೇಕು. ಫಲವೂ ಕಂಡಿತು. ಒತ್ತೆಯಿಟ್ಟು ತಂದ ಸಾಲ ಕೆಲವೇ ತಿಂಗಳುಗಳಲ್ಲಿ ತೀರಿತು. ೧೯೯೪ರ ಮಾರ್ಚ್ ವೇಳೆಗೆ ವಿದೇಶಿ ವಿನಿಮಯದ ಮೀಸಲು ೧೯ ಶತಕೋಟಿ ಡಾಲರುಗಳಷ್ಟಾಯಿತು. ೧೯೯೧–೯೨ರಲ್ಲಿ ಶೇ ೧.೫ಕ್ಕಿಂತ ಕೆಳಗೆ ಕುಸಿದಿದ್ದ ಆರ್ಥಿಕ ಬೆಳವಣಿಗೆ ೧೯೯೪ರ ಅನಂತರ ಶೇ ೭ರ ಆಸುಪಾಸಿಗೆ ಬಂದಿತು.

ಆದರೆ ಮುಗ್ಗಟ್ಟು ದೂರವಾದಂತೆ ಸರ್ಕಾರದ ವೇಗವೂ ತಗ್ಗಿತು. ೧೯೯೧–೯೨ರಲ್ಲಿ ಶೇ ೫.೬ಕ್ಕೆ ಇಳಿದಿದ್ದ ವಿತ್ತೀಯ ಕೊರತೆ ೧೯೯೩–೯೪ರಲ್ಲಿ ಮತ್ತೆ ಶೇ ೭ಕ್ಕೆ ಏರಿತು. ಖಜಾನೆ ಬರಿದಾದಾಗ ಕಂಡ ಶಿಸ್ತು ತುಂಬಿದಾಗ ಕಾಣಲಿಲ್ಲ. ತಾತ್ಕಾಲಿಕ ಖಜಾನೆ ಪತ್ರಗಳ ಮೂಲಕ ರಿಸರ್ವ್ ಬ್ಯಾಂಕಿನಿಂದ ಮನಬಂದಷ್ಟು ಹಣ ಪಡೆಯುವ ಹಳೆಯ ರೂಢಿಯನ್ನು ನಿಲ್ಲಿಸಲು ೧೯೯೪ರ ಸೆಪ್ಟೆಂಬರಿನಲ್ಲಿ ಮಾಡಿಕೊಂಡ ಒಪ್ಪಂದ ಇದಕ್ಕೊಂದು ಗೌರವಾರ್ಹವಾದ ಅಪವಾದ. ಒಟ್ಟಿನಲ್ಲಿ ಈ ಸರ್ಕಾರದ ಧೈರ್ಯ ಸಂಕಟ ಬಾಗಿಲಿಗೆ ಬಂದಾಗ ಎಚ್ಚೆತ್ತುಕೊಳ್ಳುವ ಧೈರ್ಯವಾಗಿತ್ತು. ಈ ಲಕ್ಷಣವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದಿನ ವಿವೇಚನೆಗೆ ಅದೇ ಕೀಲಿಕೈ.

೪

ಭಾರವನ್ನು ಹೊತ್ತವರು ಯಾರು ಎಂಬುದು ಮೂರನೆಯ ಪ್ರಶ್ನೆ. ೧೯೯೧ರ ಆಯವ್ಯಯದಲ್ಲಿ ರಸಗೊಬ್ಬರದ ಬೆಲೆಯನ್ನು ಶೇ ೪೦ರಷ್ಟು ಏರಿಸಲಾಯಿತು. ಸಂಸತ್ತಿನಲ್ಲಿ ಸ್ವಪಕ್ಷೀಯರೇ ಪ್ರತಿಭಟಿಸಿದಾಗ ಏರಿಕೆಯನ್ನು ಶೇ ೩೦ಕ್ಕೆ ಇಳಿಸಿ ಸಣ್ಣ ರೈತರಿಗೆ ವಿನಾಯಿತಿ ಕೊಡಲಾಯಿತು. ೧೯೯೨ರ ಆಗಸ್ಟಿನಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳನ್ನು ಬೆಲೆ ನಿಯಂತ್ರಣದಿಂದ ಹೊರಗಿಟ್ಟು ಯೂರಿಯಾವನ್ನು ಮಾತ್ರ ಒಳಗೆ ಉಳಿಸಿಕೊಂಡರು. ಅಗ್ಗವಾದ ಯೂರಿಯಾವನ್ನೇ ರೈತರು ಹೆಚ್ಚು ಸುರಿಯತೊಡಗಿದರು. ಮಣ್ಣಿನಲ್ಲಿ ಪೋಷಕಾಂಶಗಳ ಸಮತೋಲ ಕೆಟ್ಟುದಕ್ಕೆ ಈ ಅರೆಮನಸ್ಸಿನ ಸುಧಾರಣೆ ಒಂದು ಮುಖ್ಯ ಕಾರಣ. ಲೆಕ್ಕಪತ್ರದಲ್ಲಿ ಉಳಿತಾಯವೆಂದು ಕಂಡುದು ಹೊಲದಲ್ಲಿ ನಷ್ಟವಾಗಿ ಮೂಡಿತು.

ನ್ಯಾಯಬೆಲೆ ಅಂಗಡಿಯ ವಿಷಯ ಇದಕ್ಕಿಂತ ಗಂಭೀರ. ಕೇಂದ್ರ ಸರ್ಕಾರ ಪಡಿತರಕ್ಕೆ ಕೊಡುತ್ತಿದ್ದ ಸಾಧಾರಣ ಅಕ್ಕಿಯ ಬೆಲೆ ೧೯೯೧ರ ಮೊದಲಲ್ಲಿ ಕ್ವಿಂಟಲಿಗೆ ೨೮೯ ರೂಪಾಯಿ ಇದ್ದುದು ೧೯೯೪ರ ಫೆಬ್ರವರಿಯ ಹೊತ್ತಿಗೆ ೫೩೭ ರೂಪಾಯಿಗೆ ಏರಿತು. ಮಾರುಕಟ್ಟೆಯ ಬೆಲೆಗೂ ಪಡಿತರದ ಬೆಲೆಗೂ ಇದ್ದ ಅಂತರ ಕಿರಿದಾದಂತೆ ಜನ ಪಡಿತರವನ್ನು ಕೊಳ್ಳುವುದು ಕಡಿಮೆಯಾಯಿತು. ಉಗ್ರಾಣಗಳಲ್ಲಿ ಧಾನ್ಯ ಬಿದ್ದಿತು. ೧೯೯೨ರಲ್ಲಿ ಹಿಂದುಳಿದ ಪ್ರದೇಶಗಳಿಗಾಗಿ ವಿಶೇಷ ಪಡಿತರ ಯೋಜನೆಯನ್ನು ಆರಂಭಿಸಿದರೆಂಬುದು ನಿಜ. ಆದರೆ ಉದ್ಯೋಗ ಭರವಸೆಯ ಯೋಜನೆ ಬಂದುದು ೧೯೯೩ರ ಅಕ್ಟೋಬರಿನಲ್ಲಿ. ಶಾಲಾಮಕ್ಕಳ ಮಧ್ಯಾಹ್ನದ ಊಟದ ರಾಷ್ಟ್ರೀಯ ಯೋಜನೆಯೂ ವೃದ್ಧರ ಪಿಂಚಣಿಯ ನೆರವೂ ಬಂದುದು ೧೯೯೫ರ ಆಗಸ್ಟಿನಲ್ಲಿ, ಅಂದರೆ ಚುನಾವಣೆ ಹತ್ತಿರವಾದಾಗ. ಇವು ಒಳ್ಳೆಯ ಕಾರ್ಯಗಳೇ. ಆದರೆ ನೋವು ತಟ್ಟಿದ್ದು ೧೯೯೧–೯೨ರಲ್ಲಿ. ಮದ್ದು ತಡವಾಗಿ ಬಂದುದನ್ನು ವಿಮರ್ಶಕನಾದವನು ಹೇಳಲೇಬೇಕು.

ಭಾರ ಹೊರಬೇಕಾದವರಿಗೆ ಸರ್ಕಾರ ಕಾರಣವನ್ನು ವಿವರಿಸಿತೇ? ಸುಧಾರಣೆಗಳನ್ನು ಹಳೆಯ ನೀತಿಯ ಮುಂದುವರಿಕೆಯೆಂದೇ ಬಿಂಬಿಸಲಾಯಿತು. ೧೯೯೨ರ ಏಪ್ರಿಲಿನಲ್ಲಿ ತಿರುಪತಿಯಲ್ಲಿ ಸೇರಿದ ಕಾಂಗ್ರೆಸ್ ಮಹಾಧಿವೇಶನದಲ್ಲಿ ಪ್ರಧಾನಿಗಳು ಮಧ್ಯಮ ಮಾರ್ಗದ ಮಾತನ್ನು ಆಡಿದರು. ಮಾರ್ಗವೇ ಬದಲಾಗಿದೆಯೆಂದು ಜನರಿಗೆ ಬಿಡಿಸಿ ಹೇಳಲಿಲ್ಲ. ಕದ್ದು ನಡೆದರೆ ಎಡವುವುದು ಕಡಿಮೆಯೆಂಬುದು ಈ ನೀತಿಯ ಸಮರ್ಥಕರ ವಾದ. ಆದರೆ ಅದರ ಬೆಲೆಯನ್ನು ನಾವು ಕರ್ನಾಟಕದಲ್ಲಿಯೇ ಕಂಡೆವು. ಡಂಕೆಲ್ ಕರಡಿನಿಂದ ಬಿತ್ತನೆ ಬೀಜದ ಮೇಲಿನ ಹಕ್ಕು ಕೈತಪ್ಪುತ್ತದೆಂಬ ಭೀತಿಯಿಂದ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ೧೯೯೨ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಂಪೆನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಸುಟ್ಟರು. ೧೯೯೩ರ ಅಕ್ಟೋಬರಿನಲ್ಲಿ ಅದೇ ನಗರದಲ್ಲಿ ರೈತರ ಬೃಹತ್ ಸಮಾವೇಶ ಸೇರಿತು. ಆ ಭೀತಿಯಲ್ಲಿ ಕೆಲವಂಶ ಅತಿಶಯವಾಗಿದ್ದಿರಬಹುದು. ಅತಿಶಯವನ್ನು ತಿದ್ದುವ ಕೆಲಸ ಸರ್ಕಾರದ್ದಾಗಿತ್ತು. ೧೯೯೪ರ ಏಪ್ರಿಲಿನಲ್ಲಿ ಮರಾಕೇಶಿನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಾಗಲೂ ನಮ್ಮ ರಾಜ್ಯಾಂಗ ಪದ್ಧತಿಯಂತೆ ಸಂಸತ್ತಿನ ಅನುಮೋದನೆ ಕಡ್ಡಾಯವಾಗಿರಲಿಲ್ಲ. ಕಡ್ಡಾಯವಿಲ್ಲದ ಕೆಲಸವನ್ನು ಈ ಸರ್ಕಾರ ಮಾಡಲೂ ಇಲ್ಲ.

೫

ಈಗ ಅಯೋಧ್ಯೆಯ ಪ್ರಕರಣಕ್ಕೆ ಬರೋಣ. ೧೯೯೧ರ ಸೆಪ್ಟೆಂಬರಿನಲ್ಲಿ ಈ ಸರ್ಕಾರವೇ ಪೂಜಾಸ್ಥಳಗಳ ಕಾಯಿದೆಯನ್ನು ತಂದು, ಅಯೋಧ್ಯೆಯ ವಿವಾದವೊಂದನ್ನು ಬಿಟ್ಟು ಉಳಿದೆಲ್ಲ ಪೂಜಾಸ್ಥಳಗಳು ೧೯೪೭ರ ಆಗಸ್ಟ್ ೧೫ರಂದು ಇದ್ದ ಸ್ವರೂಪದಲ್ಲಿಯೇ ಉಳಿಯಬೇಕೆಂದು ವಿಧಿಸಿತು. ಅಪಾಯ ಎಲ್ಲಿದೆಯೆಂಬುದು ಅದಕ್ಕೆ ತಿಳಿದಿತ್ತೆಂಬುದಕ್ಕೆ ಇದೇ ಸಾಕ್ಷಿ. ೧೯೯೨ರ ಡಿಸೆಂಬರ್ ೬ರಂದು ಕರಸೇವೆ ನಡೆಯುವುದೆಂದು ವಾರಗಳ ಮುಂಚೆಯೇ ಸಾರಲಾಗಿತ್ತು. ನವೆಂಬರ್ ೨೩ರಂದು ಸೇರಿದ ರಾಷ್ಟ್ರೀಯ ಏಕತಾ ಮಂಡಳಿ ಸೂಕ್ತ ಕ್ರಮ ಕೈಗೊಳ್ಳಲು ಪ್ರಧಾನಿಗಳಿಗೆ ಬೆಂಬಲವನ್ನು ಸೂಚಿಸಿತ್ತು. ಕೇಂದ್ರದ ಪಡೆಗಳು ಸಮೀಪದಲ್ಲಿಯೇ ತಂಗಿದ್ದವು. ಮುನ್ನೆಚ್ಚರಿಕೆಯ ಯೋಜನೆಯೊಂದನ್ನು ಸಿದ್ಧಪಡಿಸಲಾಗಿತ್ತೆಂದು ಅಂದಿನ ಗೃಹ ಕಾರ್ಯದರ್ಶಿ ಮಾಧವ ಗೋಡಬೊಲೆಯವರು ಅನಂತರ ಬರೆದಿದ್ದಾರೆ. ಡಿಸೆಂಬರ್ ೬ರಂದು ಮಧ್ಯಾಹ್ನದಿಂದ ಸಂಜೆಯವರೆಗೆ ಬಾಬ್ರಿ ಮಸೀದಿ ಉರುಳಿತು. ಪಡೆಗಳು ಕದಲಲಿಲ್ಲ.

ಸರ್ಕಾರದ ಪರವಾದ ವಾದವನ್ನು ಅದರ ಪೂರ್ಣ ಬಲದೊಡನೆ ಮುಂದಿಡುವುದು ನ್ಯಾಯ. ನರಸಿಂಹರಾಯರೇ ಬರೆದು, ಅವರ ಮರಣಾನಂತರ ೨೦೦೬ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅದು ವಿಸ್ತಾರವಾಗಿದೆ. ಶಾಂತಿಪಾಲನೆ ರಾಜ್ಯ ಸರ್ಕಾರದ ಹೊಣೆ. ಉತ್ತರ ಪ್ರದೇಶದ ಸರ್ಕಾರ ಕಟ್ಟಡವನ್ನು ರಕ್ಷಿಸುವುದಾಗಿ ಸುಪ್ರೀಂ ಕೋರ್ಟಿಗೆ ಮಾತು ಕೊಟ್ಟಿತ್ತು. ರಾಜ್ಯಪಾಲರು ಸರ್ಕಾರದ ವಜಾಕ್ಕೆ ವಿರುದ್ಧವಾಗಿ ಸಲಹೆ ನೀಡಿದ್ದರು. ಅಪರಾಧ ನಡೆಯುವ ಮೊದಲೇ ಚುನಾಯಿತ ಸರ್ಕಾರವನ್ನು ಕಿತ್ತುಹಾಕಲು ೩೫೬ನೆಯ ವಿಧಿ ಅವಕಾಶ ಕೊಡುವುದಿಲ್ಲ. ಇವು ಹಗುರವಾದ ಮಾತುಗಳಲ್ಲ. ೩೫೬ನೆಯ ವಿಧಿಯ ದುರುಪಯೋಗವನ್ನು ೧೯೮೯ರಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರದ ವಜಾದಲ್ಲಿ ಕಂಡ ಕನ್ನಡಿಗರಿಗಂತೂ ಈ ವಾದದ ತೂಕ ಚೆನ್ನಾಗಿ ತಿಳಿದಿದೆ. ನವೆಂಬರಿನಲ್ಲಿಯೇ ವಜಾ ಮಾಡಿದ್ದರೆ ಏನಾಗುತ್ತಿತ್ತೆಂದು ಹೇಳಲು ನಮಗೆ ಸಾಧ್ಯವೂ ಇಲ್ಲ.

ಆದರೂ ಈ ವಾದ ಸಾಲದೆಂದೇ ನಮ್ಮ ಅಭಿಪ್ರಾಯ. ಮೊದಲನೆಯದಾಗಿ, ವಜಾ ಒಂದೇ ಉಪಾಯವಾಗಿರಲಿಲ್ಲ. ಕೊಟ್ಟ ಮಾತನ್ನು ನಂಬುವುದು ಬೇರೆ, ಮಾತು ತಪ್ಪಿದರೆ ಮಾಡಬೇಕಾದುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಬೇರೆ. ಎರಡನೆಯದು ನಡೆಯಲಿಲ್ಲ. ಎರಡನೆಯದಾಗಿ, ರಾಜ್ಯಾಂಗದ ಅಕ್ಷರವನ್ನು ಡಿಸೆಂಬರ್ ೬ರ ಮೊದಲು ಅತಿ ಬಿಗಿಯಾಗಿ ಓದಿದವರೇ ಡಿಸೆಂಬರ್ ೧೫ರಂದು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರ್ಕಾರಗಳನ್ನು ವಜಾ ಮಾಡಿಸಿದರು. ಆ ವಜಾಗಳನ್ನು ಸುಪ್ರೀಂ ಕೋರ್ಟು ೧೯೯೪ರ ಬೊಮ್ಮಾಯಿ ತೀರ್ಪಿನಲ್ಲಿ ಎತ್ತಿಹಿಡಿಯಿತು. ಅನಾಹುತದ ಅನಂತರ ಒದಗಿದ ಧೈರ್ಯ ಮೊದಲು ಒದಗಲಿಲ್ಲ. ಮೂರನೆಯದಾಗಿ, ಬೆಲೆ ತೆತ್ತವರು ದೆಹಲಿಯಲ್ಲಿರಲಿಲ್ಲ. ಮುಂಬಯಿಯ ಗಲಭೆಗಳಲ್ಲಿಯೇ ೯೦೦ ಮಂದಿ ಸತ್ತರೆಂದು ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗ ವರದಿ ಮಾಡಿತು. ೧೯೯೩ರ ಮಾರ್ಚ್ ೧೨ರ ಬಾಂಬುಗಳಿಗೆ ೨೫೭ ಮಂದಿ ಬಲಿಯಾದರು. ಮಸೀದಿಯನ್ನು ಮರಳಿ ಕಟ್ಟಿಸುವುದಾಗಿ ಪ್ರಧಾನಿಗಳು ಸಾರಿದ ಮಾತೂ ನಡೆಯಲಿಲ್ಲ. ಕೆಡವಿದ ಕೃತ್ಯವನ್ನು ವಿಚಾರಿಸಲು ನೇಮಿಸಿದ ಲಿಬರ್ಹಾನ್ ಆಯೋಗ ವರದಿ ಕೊಟ್ಟುದು ೨೦೦೯ರಲ್ಲಿ.

ಆರ್ಥಿಕ ಕ್ಷೇತ್ರದ ಚುರುಕೂ ಅಯೋಧ್ಯೆಯ ಜಡತೆಯೂ ಹೇಗೆ ಒಂದೇ ಸ್ವಭಾವದವೆಂದು ಈಗ ಹೇಳಬಹುದು. ೧೯೯೧ರಲ್ಲಿ ನಿರ್ಧಾರದ ದಿನವನ್ನು ಗೊತ್ತುಮಾಡಿದವರು ಸಾಲಗಾರರು. ಕಾಯುವುದಕ್ಕೆ ಎಡೆಯೇ ಇರಲಿಲ್ಲ. ಕಾಯದಿದ್ದಾಗ ಈ ಸರ್ಕಾರ ಅದ್ಭುತವಾಗಿ ಕೆಲಸ ಮಾಡಿತು. ೧೯೯೨ರಲ್ಲಿ ದಿನ ಗೊತ್ತಾಗಿತ್ತು, ಆದರೆ ಕೈಹಾಕಲೇಬೇಕೆಂದು ಹೊರಗಿನಿಂದ ಯಾರೂ ಕಟ್ಟು ಮಾಡಿರಲಿಲ್ಲ. ಯಾವಾಗ ಸಾಕೆಂದು ನಿಶ್ಚಯಿಸುವ ಹೊಣೆ ಸರ್ಕಾರದ ಮೇಲೆಯೇ ಇತ್ತು. ಮಾತುಕತೆಯಾಡುತ್ತ, ಕಾಲ ತಳ್ಳುತ್ತ ಅದು ಕಾದಿತು. ಪಕ್ಷದೊಳಗಿನ ಜಗಳಗಳಲ್ಲಿ ನೆರವಾದ ವಿಳಂಬವೇ ಇಲ್ಲಿ ವಿನಾಶಕ್ಕೆ ಕಾರಣವಾಯಿತು.

೬

ಉಳಿದುದು ಸಂಸ್ಥೆಗಳ ಪ್ರಶ್ನೆ. ಇಲ್ಲಿ ಜಮೆಯೂ ಇದೆ, ಖರ್ಚೂ ಇದೆ. ಅಯೋಧ್ಯೆಯ ಅನಾಹುತ ನಡೆದ ಅದೇ ಡಿಸೆಂಬರಿನಲ್ಲಿ ಸಂಸತ್ತು ೭೩ ಮತ್ತು ೭೪ನೆಯ ತಿದ್ದುಪಡಿಗಳನ್ನು ಅಂಗೀಕರಿಸಿತು. ೧೯೮೩ರ ಕಾಯಿದೆಯ ಮೂಲಕ, ಅಬ್ದುಲ್ ನಜೀರ್ ಸಾಬರ ಶ್ರದ್ಧೆಯಿಂದ ಕರ್ನಾಟಕ ಪಂಚಾಯತಿಗಳಲ್ಲಿ ಮಾಡಿ ತೋರಿಸಿದ್ದುದರಲ್ಲಿ ಬಹುಪಾಲು ಇಡೀ ದೇಶದ ರಾಜ್ಯಾಂಗಕ್ಕೆ ಸೇರಿತು. ಹೆಣ್ಣುಮಕ್ಕಳಿಗೆ ಮೂರರಲ್ಲೊಂದು ಪಾಲಿನ ಮೀಸಲಾತಿ ದೊರೆಯಿತು. ಯಾರ ಒತ್ತಡವೂ ಇಲ್ಲದೆ ಮಾಡಿದ ಈ ಕಾರ್ಯ ನಮ್ಮ ಮೇಲಿನ ನಿರ್ಣಯವನ್ನು ಸ್ವಲ್ಪ ಮಟ್ಟಿಗೆ ಮಿತಗೊಳಿಸುತ್ತದೆಂದು ಒಪ್ಪುತ್ತೇವೆ.

ಖರ್ಚಿನ ಕಡೆಯಲ್ಲಿ ೧೯೯೨ರ ಷೇರು ಹಗರಣವಿದೆ. ಮಾರುಕಟ್ಟೆಯ ಬಾಗಿಲನ್ನು ತೆರೆದವರು ಕಾವಲನ್ನು ತಕ್ಕ ಸಮಯಕ್ಕೆ ಏರ್ಪಡಿಸಿರಲಿಲ್ಲವಾದುದರಿಂದ ಬ್ಯಾಂಕುಗಳ ಸುಮಾರು ೪,೦೦೦ ಕೋಟಿ ರೂಪಾಯಿ ಅಪಾಯಕ್ಕೆ ಸಿಕ್ಕಿತು. ಇದಕ್ಕಿಂತ ಗಾಢವಾದ ಕಲೆ ೧೯೯೩ರ ಜುಲೈ ೨೮ರದು. ಅಂದು ಅವಿಶ್ವಾಸ ನಿರ್ಣಯವು ೨೫೧ಕ್ಕೆ ೨೬೫ ಮತಗಳಿಂದ ಬಿದ್ದಿತು. ಝಾರ್ಖಂಡ್ ಮುಕ್ತಿ ಮೋರ್ಚಾದ ಸದಸ್ಯರಿಗೆ ಹಣ ಕೊಟ್ಟು ಮತ ಪಡೆಯಲಾಯಿತೆಂಬ ಆರೋಪ ನ್ಯಾಯಾಲಯಕ್ಕೆ ಹೋಯಿತು. ನರಸಿಂಹರಾಯರು ೨೦೦೦ದಲ್ಲಿ ವಿಶೇಷ ನ್ಯಾಯಾಲಯದಲ್ಲಿ ಅಪರಾಧಿಯೆನಿಸಿ ೨೦೦೨ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಬಿಡುಗಡೆ ಹೊಂದಿದರು. ಅವರ ವೈಯಕ್ತಿಕ ದೋಷದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ಲಂಚ ಪಡೆದು ಮತ ಹಾಕಿದ ಸದಸ್ಯನಿಗೆ ಶಾಸನಸಭೆಯ ವಿಶೇಷಾಧಿಕಾರದ ರಕ್ಷಣೆಯುಂಟೆಂದು ಇದೇ ಪ್ರಕರಣದಲ್ಲಿ ೧೯೯೮ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ೨೦೨೪ರವರೆಗೆ ನಿಂತಿತು. ಸರ್ಕಾರವೊಂದರ ಉಳಿವಿನ ಒಂದು ದಿನದ ಮತದಾನ ಸಂಸದೀಯ ನೀತಿಯ ಮೇಲೆ ಮೂವತ್ತು ವರ್ಷ ನೆರಳು ಚೆಲ್ಲಿತು.

೭

ಈ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ನರಸಿಂಹರಾಯರ ಸರ್ಕಾರ ತಾನು ಸೃಷ್ಟಿಸದ ಮುಗ್ಗಟ್ಟನ್ನು ದಕ್ಷತೆಯಿಂದ ಪರಿಹರಿಸಿತು. ಪರಿಹಾರದ ಭಾರವನ್ನು ಹಂಚುವಲ್ಲಿ ಬಡವರ ಬಗೆಗೆ ಸಾಕಷ್ಟು ಬೇಗ ಯೋಚಿಸಲಿಲ್ಲ. ಜನತೆಯನ್ನು ವಿಶ್ವಾಸಕ್ಕೆ ತೆಗೆದುಕೊಳ್ಳಲಿಲ್ಲ. ಕಣ್ಣೆದುರಿಗೆ ಬರುತ್ತಿದ್ದ ಅನಾಹುತವನ್ನು ತಡೆಯುವ ಹೊಣೆಯಲ್ಲಿ ಸೋತಿತು. ಮೊದಲನೆಯದರ ಅಂಕಗಳನ್ನು ಕೊನೆಯದರ ಅಂಕಗಳೊಡನೆ ಕೂಡಿ ಕಳೆದು ಸರಾಸರಿ ತೆಗೆಯುವುದು ಪರೀಕ್ಷಾ ಮಂಡಳಿಯ ರೀತಿಯಾದೀತು, ವಿಮರ್ಶೆಯ ರೀತಿಯಲ್ಲ. ಮೀಸಲು ನಿಧಿ ಎಷ್ಟೇ ತುಂಬಿದರೂ ಮುಂಬಯಿಯಲ್ಲಿ ಸತ್ತವರ ಲೆಕ್ಕ ಅದರಿಂದ ತೀರುವುದಿಲ್ಲ. ಅಯೋಧ್ಯೆಯ ಸೋಲಿನಿಂದ ೧೯೯೧ರ ಜುಲೈ ತಿಂಗಳ ಸಾಧನೆ ಸುಳ್ಳಾಗುವುದೂ ಇಲ್ಲ.

೧೯೯೬ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ದೊರೆತುದು ೧೪೦ ಸ್ಥಾನಗಳು. ಆ ತೀರ್ಪಿನಲ್ಲಿ ಬೆಲೆಯೇರಿಕೆ, ಹಗರಣ, ಅಯೋಧ್ಯೆಗಳ ಪಾಲು ಎಷ್ಟೆಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಮತದಾರನ ನಿರ್ಣಯ ಒಂದು ದಿನದ್ದು, ಅದಕ್ಕೆ ಕಾರಣ ಹೇಳುವ ಹೊಣೆ ಅವನಿಗಿಲ್ಲ. ವಿದ್ಯಾರ್ಥಿಗೂ ಅಧ್ಯಾಪಕನಿಗೂ ಆ ಹೊಣೆಯುಂಟು. ಅರ್ಥಶಾಸ್ತ್ರದ ತರಗತಿಯಲ್ಲಿ ೧೯೯೧ನ್ನೂ ರಾಜ್ಯಶಾಸ್ತ್ರದ ತರಗತಿಯಲ್ಲಿ ೧೯೯೨ನ್ನೂ ಬೇರೆ ಬೇರೆಯಾಗಿ ಓದಿಸುವ ಪದ್ಧತಿಯನ್ನು ಬಿಟ್ಟು ಎರಡನ್ನೂ ಒಂದೇ ಸಚಿವ ಸಂಪುಟದ ಕಾರ್ಯಗಳೆಂದು ಜೊತೆಯಲ್ಲಿಟ್ಟು ಓದಿಸಿದರೆ, ಮುಂದೆ ಬರುವ ಯಾವ ಸಂಕಟಕಾಲದ ಸರ್ಕಾರವನ್ನಾದರೂ ಅಳೆಯುವ ಶಕ್ತಿ ನಮ್ಮ ವಿದ್ಯಾರ್ಥಿಗಳಿಗೆ ಬಂದೀತೆಂದು ನಂಬುತ್ತೇವೆ. ಅನಿವಾರ್ಯತೆ ನೂಕಿದಾಗ ಸರ್ಕಾರ ಏನು ಮಾಡಿತೆಂಬುದರ ಜೊತೆಗೆ, ಯಾರೂ ನೂಕದಿದ್ದಾಗ ಅದು ಏನು ಮಾಡಿತೆಂದೂ ಅವರು ಕೇಳಬೇಕು.